ಸಿಪಾಯಿಯ ಅಂಗಿಯ ಕಳ್ಳಜೇಬು

ನನ್ನ ಜುಬ್ಬಗಳಿಗೆಲ್ಲ ಎಡಗಡೆ ಒಳಮಗ್ಗುಲಲ್ಲಿ ಒಂದೊಂದು ಕಳ್ಳಜೇಬಿದೆ. ಕೇಳದಿದ್ದರೂ ಅದನ್ನು ಹೊಲಿದುಕೊಡುವುದು ಶಿವಾಜಿನಗರದ ದರ್ಜಿ ರಹಮತ್ ಸಾಬರ ಪದ್ಧತಿ. ಮಾರ್ಕೆಟ್ಟಿನ ನೂಕುನುಗ್ಗಲಲ್ಲೇ ಹುಟ್ಟಿ ಬೆಳೆದ ಅವರಿಗೆ ಒಳಜೇಬಿಲ್ಲದ ಅಂಗಿಯೆಂದರೆ ಚಿಲಕವಿಲ್ಲದ ಮನೆ. ನಮ್ಮಪ್ಪ ಇಪ್ಪತ್ತು ವರ್ಷ ಅವರು ಹೊಲಿದದ್ದನ್ನೇ ತೊಟ್ಟವರು. ಕನ್ನಡಕ ತೆಗೆದರೆ ಅದು ಹೋಗಿ ಕೂರುತ್ತಿದ್ದುದು ಆ ಜೇಬಿನಲ್ಲೇ.

ತೊಂಬತ್ತರ ದಶಕದಲ್ಲಿ, ಗರುಡಾಚಾರ್‌ಪಾಳ್ಯದ ಕಡೆ ಇನ್ನೂ ಬಯಲು ಉಳಿದಿದ್ದಾಗ, ಅಲ್ಲೊಂದು ಪಾಳೇಗಾರರ ಸಿನಿಮಾದ ಚಿತ್ರೀಕರಣ ನಡೆಯಿತು. ನಲವತ್ತು ಸಿಪಾಯಿಗಳ ಅಂಗಿ ಹೊಲಿಯುವ ಕೆಲಸ ಸಾಬರಿಗೆ ಸಿಕ್ಕಿತು. ನಾಟಕದ ಹುಚ್ಚಿದ್ದ ನಮ್ಮಪ್ಪ ಅವರ ಶಿಫಾರಸಿನ ಮೇಲೆ ಹಿಂದಿನ ಸಾಲಿನ ಸಿಪಾಯಿಯಾದರು. ಹಲಸೂರಿನ ಶಾಲೆಯಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದ ನಾನು, ಅಪ್ಪನ ಬಾಯಿಯಿಂದಲೇ ನನ್ನ ವಿದ್ವತ್ತಿನ ಸುದ್ದಿ ನಿರ್ದೇಶಕರಿಗೆ ಮುಟ್ಟಿ, ತಪ್ಪುಒಪ್ಪು ನೋಡುವ ಪಂಡಿತನಾದೆ. ನನ್ನ ಗತ್ತು ಕೇಳಬೇಕೆ!

ಅಂಗಿಯೊಂದನ್ನು ಮಗುಚಿ ನೋಡಿದೆ. ಒಳಗೆ ಜೇಬು! ನಲವತ್ತರಲ್ಲೂ ಜೇಬು!

“ಸಾಬ್ರೇ, ಆ ಕಾಲದಲ್ಲಿ ಜೇಬೆಲ್ಲಿತ್ತು? ದುಡ್ಡುಕಾಸು ಸೊಂಟಕ್ಕೆ ಕಟ್ಕೊಳ್ತಿದ್ರು. ಬಿಚ್ಚಿಸ್ಬಿಡಿ.”

“ಅರೆ ಮೇಷ್ಟ್ರೇ, ಒಳಗಿರೋದು ಯಾರಿಗ್ರೀ ಕಾಣ್ತದೆ? ನಿಮ್ಮ ತಂದೆಯವ್ರಿಗೆ ಚಶ್ಮಾ ಇಟ್ಕೊಳಕ್ಕಾದ್ರೂ ಬೇಕಲ್ಲ?”

“ಕಾಣ್ದಿದ್ರೂ ತಪ್ಪು ತಪ್ಪೇ.”

ನಿರ್ದೇಶಕರು ಹೌದೌದು ಎಂದರು. ಸಾಬರು ಮರದಡಿ ಕುಳಿತು, ಮಧ್ಯಾಹ್ನದವರೆಗೆ ನಲವತ್ತು ಜೇಬುಗಳ ಹೊಲಿಗೆ ಬಿಚ್ಚಿದರು. ಅಪ್ಪ ಕನ್ನಡಕವನ್ನು ನನ್ನ ಕೈಗಿತ್ತು, “ಸರಿಯಾಗೇ ಹೇಳ್ದೆ ಕಣೋ, ಮೇಷ್ಟ್ರು ಅಂದ್ರೆ ಹಿಂಗಿರ್ಬೇಕು” ಎಂದು ಹೆಮ್ಮೆಪಟ್ಟು, ಮಬ್ಬುಗಣ್ಣಲ್ಲೇ ಯುದ್ಧಕ್ಕೆ ನಡೆದರು.

ಚಿತ್ರ ತೆರೆಗೆ ಬಂದಾಗ ನೋಡುತ್ತೇನೆ, ರಾಣಿಯ ಮೈಮೇಲೆ ನೈಲಾನ್ ಸೀರೆ, ಕೋಟೆಯ ಹಿಂದೆ ಕರೆಂಟಿನ ತಂತಿ! ಆನೆ ಹೋದದ್ದು ಬಿಟ್ಟು ಬಾಲ ಹಿಡಿದುಕೊಂಡಿದ್ದ ನನ್ನ ಪಾಂಡಿತ್ಯಕ್ಕೆ ನನಗೇ ನಗು ಬಂತು.

ಹಾಗೆಂದು ಸಿನಿಮಾದಲ್ಲಿ ಚರಿತ್ರೆ ಹೇಗಿದ್ದರೂ ನಡೆದೀತು ಎನ್ನಲಾರೆ, ಸ್ನೇಹಿತರೇ. ಪಾಠ ಮರೆತು ಸಿನಿಮಾದ ಸಂಭಾಷಣೆಯನ್ನೇ ಉತ್ತರವಾಗಿ ಬರೆದ ಪತ್ರಿಕೆಗಳನ್ನು ತಿದ್ದಿದವನು ನಾನು. ಯಾರು ಯಾರಿಗೆ ದ್ರೋಹ ಬಗೆದರು ಎಂಬಲ್ಲಿ ಸುಳ್ಳಾಡಿದರೆ, ಸತ್ತವರ ಹೆಸರಿನಲ್ಲಿ ಇಂದಿನ ನೆರೆಹೊರೆಯವರು ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡಾರು. ಅಲ್ಲಿ ಹಟ ಹಿಡಿಯಲೇಬೇಕು. ಆದರೆ ಗತಕಾಲದ ಸಿಪಾಯಿಯ ಮರ್ಯಾದೆ ಕಾಯುವ ಭರದಲ್ಲಿ ಎದುರಿಗೆ ನಿಂತ ಸಿಪಾಯಿಯ ಕಣ್ಣನ್ನೇ ಮರೆಯುವುದು ಯಾವ ನ್ಯಾಯ? ಈ ಪ್ರಶ್ನೆ ಆಗ ಹೊಳೆಯಲಿಲ್ಲ.

ಎರಡು ವರ್ಷದಲ್ಲಿ ಅಪ್ಪ ತೀರಿಕೊಂಡರು. ಮನೆಯಲ್ಲಿ ಫೋಟೋಗಳಿದ್ದವು, ಅಪ್ಪ ನಡೆಯುವುದು, ತಿರುಗುವುದು ಉಳಿದಿದ್ದುದು ಆ ಸಿನಿಮಾದಲ್ಲಿ ಮಾತ್ರ. ಮುಂದೆ ಸಿ.ಡಿ. ಸಿಕ್ಕಿತು, ಸಾಬರ ಅಂಗಡಿಯ ಪುಟ್ಟ ಟೀವಿಯಲ್ಲಿ ಇಬ್ಬರೂ ಕುಳಿತು ನೋಡಿದೆವು. ಪಾಳೇಗಾರ ಕತ್ತಿ ಎತ್ತುತ್ತಾನೆ, ಸಿಪಾಯಿಗಳೆಲ್ಲ ಎತ್ತುತ್ತಾರೆ. ಹಿಂದಿನ ಸಾಲಿನಲ್ಲಿ ಒಬ್ಬರು ಮಾತ್ರ ಏನೂ ಕಾಣದೆ, ಅಂಗಿಯೊಳಗೆ ಕೈ ಹಾಕಿ, ಎಡಗಡೆ ತಡಕಾಡುತ್ತಾರೆ. ಮತ್ತೆ ತಡಕಾಡುತ್ತಾರೆ. ಅಷ್ಟರಲ್ಲಿ ದೃಶ್ಯ ಮುಗಿಯುತ್ತದೆ.

“ಚಶ್ಮಾ ಹುಡುಕ್ತಾವ್ರೆ” ಎಂದರು ಸಾಬರು.

ಆ ಕನ್ನಡಕ ಆ ಹೊತ್ತಿನಲ್ಲಿ ನನ್ನ ಕೈಯಲ್ಲಿತ್ತು. ಕ್ಯಾಮೆರಾದ ಪಕ್ಕದಲ್ಲೇ ನಿಂತಿದ್ದೆ. ಅಂಗಿಗಳನ್ನು ನೋಡುತ್ತಿದ್ದೆ, ಅಪ್ಪನನ್ನಲ್ಲ. ಸಾಬರೆದುರು ಅತ್ತುಬಿಟ್ಟೆ. ಇಡೀ ಚಿತ್ರದಲ್ಲಿ ನಿಜವಾಗಿದ್ದುದು ಆ ತಡಕಾಟವೊಂದೇ.

ಸಾಬರು ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು, “ನಿಂತ್ಕೊಳ್ಳಿ ಮೇಷ್ಟ್ರೇ, ಜುಬ್ಬಾ ಅಳ್ತೆ ತಗೊಳ್ತೀನಿ” ಎಂದರು.

ಈಗ ನನಗೂ ದೂರದ್ದು ಮಬ್ಬು. ಕನ್ನಡಕಕ್ಕೆಂದು ಕೈ ಎಡಗಡೆಗೆ ಹೋಗುತ್ತದೆ, ಜೇಬು ಸಿಗುತ್ತದೆ. ಸಿಕ್ಕಿದಾಗಲೆಲ್ಲ ಒಂದು ಕ್ಷಣ ಕೈ ಅಲ್ಲೇ ನಿಲ್ಲುತ್ತದೆ. ಕಾಣದಿದ್ದರೂ ತಪ್ಪು ತಪ್ಪೇ ಅಂದಿದ್ದೆನಲ್ಲ, ನಿಜ.