ಕೆಂಪು ದೀಪಕ್ಕೊಂದು ಟಿಕಳಿ

ಕಳೆದ ತಿಂಗಳು ನಾನು ಹಣೆಯ ಟಿಕಳಿಯಿಂದ ಒಂದು ಕಾರಿನ ಇಂಜಿನ್ ಕೊಂದೆ.

ನಗಬೇಡಿ. ಸುಳ್ಳಲ್ಲ. ಕೊಡಲಿ ಬೇಕಾಗಲಿಲ್ಲ, ಸುತ್ತಿಗೆ ಬೇಕಾಗಲಿಲ್ಲ. ಶೇಂಗಾ ಕಾಳಿನಷ್ಟು ದೊಡ್ಡ, ಮರೂನ್ ಬಣ್ಣದ ಒಂದೇ ಒಂದು ಟಿಕಳಿ ಸಾಕಾಯಿತು.

ಕಾರು ನನ್ನದಾಗಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಅದು ನನ್ನ ತಮ್ಮ ಬಸುವಿನದು. ಹುನಗುಂದದ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿಕೊಂಡು, ಬಾದಾಮಿ, ಪಟ್ಟದಕಲ್ಲು ನೋಡಲು ಬಂದ ಮಂದಿಯನ್ನು ಕರೆದೊಯ್ಯುತ್ತಾನೆ. ಅವರ ಹೆಂಗಸರು ಸೀರೆ ಬೇಕೆಂದರೆ ಇಳಕಲ್ಲಿಗೂ ಹೋಗುತ್ತಾನೆ. ಅವನ ಹೊಟ್ಟೆ ನಡೆಯುವುದು ಆ ಗಾಡಿಯ ಮೇಲೆ. ನನ್ನ ಹೊಟ್ಟೆ ನಡೆಯುವುದು ರೊಟ್ಟಿಯ ಮೇಲೆ, ಅದು ನಿಮಗೆ ಗೊತ್ತೇ ಇದೆ. (ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ರೊಟ್ಟಿ ಗಂಗವ್ವ ಅಂಕಣ ಬರೆಯುತ್ತಾಳಂತೆ ಎಂದು ಮೊದಮೊದಲು ನಕ್ಕವರು ನೀವೇ. ಈಗ ಒಂದು ವಾರ ತಪ್ಪಿದರೆ ಫೋನ್ ಮಾಡುವವರೂ ನೀವೇ. ನನ್ನ ಕಾಗುಣಿತ ತಿದ್ದುವ ಸಂಪಾದಕರಿಗೆ ಮಾತ್ರ ನಗು ಬರುವುದಿಲ್ಲ.)

ಅಕ್ಕ, ತಮ್ಮ ಇಬ್ಬರದೂ ಎದುರುಬದುರು ಮನೆ. ವಾರಕ್ಕೊಮ್ಮೆ, ಅವನಿಗೆ ಬಾಡಿಗೆ ಇಲ್ಲದ ದಿನ, ನಾನು ಅವನ ಗಾಡಿ ತೆಗೆದುಕೊಂಡು ಬಾಗಲಕೋಟೆಯ ನವನಗರದ ಖಾನಾವಳಿಗಳಿಗೆ ಕಟಕ ರೊಟ್ಟಿ ಮುಟ್ಟಿಸಿ ಬರುತ್ತೇನೆ. ಅದಕ್ಕೆ ಬದಲಾಗಿ ನಮ್ಮಲ್ಲೊಂದು ಕರಾರು. ರೊಟ್ಟಿಗಾಗಿ ನಸುಕಿನಲ್ಲೇ ಏಳುವವಳು ನಾನು. ಆದ್ದರಿಂದ ದಿನಾಲೂ ಗಾಡಿ ಹೊರಡುವ ಮೊದಲು ಬಾನೆಟ್ ಎತ್ತಿ, ಆಯಿಲ್ ಕಡ್ಡಿ ತೆಗೆದು, ಇಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆ ಎಂದು ನೋಡುವ ಕೆಲಸ ನನ್ನದು.

ನಲವತ್ತೆರಡನೆಯ ವಯಸ್ಸಿಗೆ ಡ್ರೈವಿಂಗ್ ಕಲಿತೆ. ಬಸುವೇ ಕಲಿಸಿದ. ಕಲಿತ ಮೇಲೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ಎಕ್ಸಲರೇಟರ್ ಮೇಲೇ ನಿಂತಿತು. ಮುಂಜಾನೆ ಕೀಲಿ ತಿರುವಿದ ಕೂಡಲೇ ಭರ್ರ್ ಭರ್ರ್ ಎಂದು ನಾಲ್ಕು ಸಲ ರೇಸ್ ಕೊಡುತ್ತಿದ್ದೆ. ಉರಿ ಜೋರು ಮಾಡದಿದ್ದರೆ ಹಂಚು ಕಾಯುತ್ತದೆಯೇ? ಇಂಜಿನ್ ಕೂಡ ಹಾಗೇ ಎಂದು ನನ್ನ ತಿಳಿವಳಿಕೆ. (ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಲಿ ಎಂಬ ಆಸೆಯೂ ಇತ್ತು. ಮುಚ್ಚಿಡುವುದು ಯಾಕೆ?)

"ಎರಡ ಮಾತು ನೆನಪಿಡಕ್ಕಾ," ಎಂದಿದ್ದ ಬಸು. "ಮುಂಜಾನೆದ್ದು ರೇಸ್ ಕೊಡಬ್ಯಾಡ. ಡಿಕ್ಕಿಯೊಳಗ ಚೀಲ ಹೇರಬ್ಯಾಡ. ಮೊದಲ ತಗ್ಗಿನ ಗಾಡಿ, ಭಾರ ಆದ್ರ ಹೊಟ್ಟಿ ನೆಲಕ್ಕ ಬಡಿತೈತಿ."

"ನನಗ ಹೇಳ್ತೀಯೇನೋ? ನಿನ್ನ ಬಗಲಾಗ ಎತ್ಕೊಂಡು ಆಡಿಸಿದಾಕಿ ನಾ!"

ದೊಡ್ಡವರಿಗೆ ಬುದ್ಧಿ ಹೇಳಿದರೆ ಹೀಗೇ ಅಲ್ಲವೇ? ವಾದ ಗೆಲ್ಲುತ್ತೇವೆ. ಗಾಡಿ ಹೋಗುತ್ತದೆ.

ಆ ದಿನ ಬಾಗಲಕೋಟೆಯಲ್ಲಿ ರೊಟ್ಟಿ ಕೊಟ್ಟು ವಾಪಸ್ಸು ಬರುತ್ತ ಕಮತಗಿಯಲ್ಲಿ ನಿಂತೆ. ಅಂಗಡಿಯೊಂದರಲ್ಲಿ ಬಿಳಿಜೋಳ ಬಂದಿತ್ತು. ಮುತ್ತಿನಂಥ ಕಾಳು. ರೊಟ್ಟಿ ಬಡಿಯುವವಳಿಗೆ ಅಂಥ ಜೋಳ ಕಂಡರೆ ತಮ್ಮನ ಮಾತು ನೆನಪಿರುತ್ತದೆಯೇ? ಡಿಕ್ಕಿಯಲ್ಲಿ ಮೂರು ಚೀಲ, ಹಿಂದಿನ ಸೀಟಿನಲ್ಲಿ ಎರಡು. ಗಾಡಿ ಹಿಂದಿನ ಕಾಲು ಮಡಚಿ ಕುಳಿತ ಎಮ್ಮೆಯ ಹಾಗೆ ಕುಳಿತಿತು.

ಊರು ದಾಟುವಾಗ ಪರಿಚಯದ ಹೆಣ್ಣುಮಗಳೊಬ್ಬಳು ರಸ್ತೆ ಬದಿಯಲ್ಲಿ ಬಸ್ಸಿಗಾಗಿ ನಿಂತಿದ್ದಳು. ನಾನು ಗಾಡಿ ಓಡಿಸುವುದನ್ನು ಅವಳು ನೋಡಬೇಡವೇ? ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದೆ. ಅವಳು ನನ್ನನ್ನು ನೋಡಿದಳು. ನಾನು ಹಂಪ್ ನೋಡಲಿಲ್ಲ.

ಧಡ್! ಗಾಡಿಯ ಹೊಟ್ಟೆಯ ಕೆಳಗೆ ಕರ್ರ್ ಎಂದು ಏನೋ ಕೆರೆದ ಸದ್ದು.

ಸ್ವಲ್ಪ ದೂರ ಹೋದ ಮೇಲೆ ಮೀಟರಿನಲ್ಲಿ ಒಂದು ಕೆಂಪು ದೀಪ ಹತ್ತಿತು. ಗಿಂಡಿಯ ಚಿತ್ರ. ಅದರ ಕೊಕ್ಕಿನಿಂದ ಒಂದು ಹನಿ ಬೀಳುತ್ತಿದೆ. ಗಿಂಡಿಯಲ್ಲಿ ಏನಿರುತ್ತದೆ? ನೀರು. ಗಾಡಿಗೆ ನೀರಡಿಕೆ ಆಗಿದೆ! ನಿಲ್ಲಿಸಿದೆ. ಬಾನೆಟ್ ಎತ್ತಿ, ಕಾಣಿಸಿದ ಒಂದು ಪ್ಲಾಸ್ಟಿಕ್ ಡಬ್ಬಿಗೆ ನನ್ನ ಬಾಟಲಿಯ ನೀರನ್ನೆಲ್ಲ ಸುರಿದೆ. (ಅದು ಮುಂದಿನ ಗಾಜು ತೊಳೆಯುವ ನೀರಿನ ಡಬ್ಬಿಯಂತೆ. ಗಾಜು ಮಾತ್ರ ಇವತ್ತಿಗೂ ಫಳಫಳ ಇದೆ.) ದಿನಾ ಮುಂಜಾನೆ ಎಳೆದು ನೋಡುವ ಆಯಿಲ್ ಕಡ್ಡಿ ಅಲ್ಲೇ ಒಂದು ಗೇಣು ದೂರದಲ್ಲಿತ್ತು. ಅದರ ಕಡೆ ಕೈ ಹೋಗಲಿಲ್ಲ.

ಹೊರಟೆ. ದೀಪ ಆರಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮುಂದಿನ ತಿರುವಿನಲ್ಲಿ ಮತ್ತೆ ಹತ್ತಿತು. ನೆಟ್ಟಗಿನ ದಾರಿಯಲ್ಲಿ ಆರಿತು. ಏರಿನಲ್ಲಿ ಹತ್ತಿತು. ಅಮೀನಗಡ ದಾಟುವಷ್ಟರಲ್ಲಿ ನನಗೆ ತಲೆಚಿಟ್ಟು ಹಿಡಿಯಿತು. ಎಲ್ಲೋ ವಾಯರ್ ಸಡಿಲಾಗಿದೆ ಎಂದುಕೊಂಡು, ಹಣೆಯ ಟಿಕಳಿ ಕಿತ್ತು ಆ ಗಿಂಡಿಯ ಮೇಲೆ ಒತ್ತಿಬಿಟ್ಟೆ.

ಎಷ್ಟು ಶಾಂತಿ ಎನ್ನುತ್ತೀರಿ! ಹಾಡು ಹಚ್ಚಿಕೊಂಡು ಮನೆಗೆ ಬಂದೆ. ಬಸು ಸ್ಟ್ಯಾಂಡಿನಿಂದ ಬರುವುದರೊಳಗೆ ಐದೂ ಚೀಲ ಇಳಿಸಿ ಒಳಗಿಟ್ಟೆ.

ಮರುದಿನ ಅವನಿಗೆ ಬಾಡಿಗೆ ಇತ್ತು. ಹೊರಗಿನಿಂದ ಬಂದ ಒಂದು ಕುಟುಂಬ. ಮೂರು ದಿನ ಐಹೊಳೆ, ಪಟ್ಟದಕಲ್ಲು, ಬಾದಾಮಿ. ಬಹಳ ದಿನಗಳ ಮೇಲೆ ಸಿಕ್ಕ ದೊಡ್ಡ ಬಾಡಿಗೆ. ಬೆಳಕು ಹರಿಯುವ ಮೊದಲೇ ಹೊಸ ಅಂಗಿ ಹಾಕಿಕೊಂಡು ಬಂದ. ನಾನು ಒಲೆಯ ಮುಂದೆ.

"ಅಕ್ಕಾ, ಆಯಿಲ್ ನೋಡೀಯೇನು?" ಎಂದು ಬಾಗಿಲಲ್ಲೇ ನಿಂತು ಕೇಳಿದ.

ನೋಡಿರಲಿಲ್ಲ. ಬಾನೆಟ್ ಎತ್ತಿದರೆ ಏನು ಕಾಣುತ್ತದೋ ಎಂಬ ಅಂಜಿಕೆಯಿಂದ ಆ ಮುಂಜಾನೆ ಗಾಡಿಯ ಹತ್ತಿರವೇ ಹೋಗಿರಲಿಲ್ಲ. ನಿನ್ನೆಯ ಧಡ್ ಇನ್ನೂ ಕಿವಿಯಲ್ಲಿತ್ತು. ಅದನ್ನು ಹೇಳಿದರೆ ಚೀಲದ ಮಾತೂ ಹೊರಗೆ ಬರುತ್ತದೆ.

"ನೋಡೀನೋ. ಫುಲ್ ಐತಿ, ಹೋಗು."

ನಾಲ್ಕೇ ಮಾತು. ಬಾಯಿಂದ ಎಷ್ಟು ಸಲೀಸಾಗಿ ಬಂದವು!

ಅವನು ಹೋದ ಮೇಲೆ ಅಂಗಳಕ್ಕೆ ಬಂದರೆ, ಗಾಡಿ ನಿಂತಿದ್ದ ಜಾಗದಲ್ಲಿ ಹಿಟ್ಟು ನಾದುವ ಪರಾತಿನಷ್ಟು ಅಗಲದ ಕರಿ ಕಲೆ. ಮುಟ್ಟಿದೆ. ಎಣ್ಣೆ. ಫೋನ್ ಕೈಗೆತ್ತಿಕೊಂಡೆ. ಅವನ ಹೆಸರು ತೆರೆದೆ. ಏನೆಂದು ಹೇಳುವುದು? ಫೋನನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು, ಒಲೆಯ ಬೂದಿ ತಂದು ಕಲೆಯ ಮೇಲೆ ಚೆಲ್ಲಿದೆ. ಒಂದು ಫೋನ್ ಮಾಡಿದ್ದರೆ ಇಂಜಿನ್ ಉಳಿಯುತ್ತಿತ್ತೇನೋ. ನಾನು ಅಂಗಳ ಉಳಿಸಿಕೊಂಡೆ.

ಕೊನೆಗೆ ಫೋನ್ ಬಂದದ್ದು ಅವನಿಂದಲೇ.

"ಅಕ್ಕಾ, ಇಂಜಿನ್ ಜಾಮ್ ಆತು. ಐಹೊಳಿ ದಾಟೀವಿ, ಕಟಕಟ ಅಂತು, ನಿಂತ ಬಿಡ್ತು. ಮಂದಿ ಸಾಮಾನ ಹೊತ್ಕೊಂಡು ಬಸ್ಸಿನ ಹಾದಿ ಕಾಯಾಕತ್ತಾರ." ಅವನ ದನಿ ಒಡೆದಿತ್ತು. "ಒಂದ ಕೆಂಪು ಲೈಟ್‌ರ ಹತ್ತಬೇಕಿಲ್ಲೋ? ಅದೂ ಹತ್ತಲಿಲ್ಲ ನೋಡು."

ಹತ್ತಿತ್ತು. ನನ್ನ ಟಿಕಳಿಯ ಕೆಳಗೆ.

ಗಾಡಿಯನ್ನು ಎಳೆದುಕೊಂಡು ಬಂದು ಮಾಬುಸಾಬ ಕಾಕಾನ ಗ್ಯಾರೇಜಿನ ಮುಂದೆ ಬಿಟ್ಟರು. ಕಾಕಾ ಹುನಗುಂದದ ಹಳೆಯ ಮೆಕ್ಯಾನಿಕ್. ಬಸುವಿಗೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದವರೇ ಅವರು. ಎಂಟು ದಿನದ ಹಿಂದಷ್ಟೇ ಈ ಗಾಡಿಗೆ ಹೊಸ ಆಯಿಲ್ ಹಾಕಿದ್ದರು. ಬಸುವಿನ ತಲೆಯಲ್ಲಿ ಅದೇ ಕುಳಿತಿತ್ತು. ಸ್ಟ್ಯಾಂಡಿನ ಡ್ರೈವರುಗಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಸುದ್ದಿ ಕೇಳಿ ನಾನೂ ಓಡಿ ಬಂದಿದ್ದೆ.

"ಆಯಿಲ್ ಹಾಕೂ ಮುಂದ ತಳದ ಬೋಲ್ಟ್ ಬಿಗಿ ಮಾಡೂದು ಮರತಿ ಏನು ಕಾಕಾ? ಕಣ್ಣ ಕಾಣವಲ್ವು ಅಂದ್ರ ಗ್ಯಾರೇಜ್ ಮುಚ್ಚಿ ಮನ್ಯಾಗ ಕುಂಡ್ರು!" ಎಂದು ಬಸು ಒದರಿದ.

ಕಾಕಾ ಗಾಡಿಯ ಕೆಳಗಿಂದ ಹೊರಗೆ ಬಂದರು. "ಬೋಲ್ಟ್ ಬರೋಬರಿ ಐತಿ ಬಸೂ. ಆಯಿಲ್ ತುಂಬೂ ಚೇಂಬರ್ ಸೀಳೇತಿ. ಎಲ್ಲೋ ಹಂಪ್‌ಗೆ ಬಡದದ್ದು."

"ನಾ ಎಲ್ಲೂ ಬಡದಿಲ್ಲ. ಅಕ್ಕಾ, ನೀ ಎಲ್ಲೆರ ಬಡದೀಯೇನು?"

ಎಲ್ಲರೂ ನನ್ನ ಕಡೆ ನೋಡಿದರು.

"ಇಲ್ಲಪಾ," ಎಂದೆ.

"ಕೇಳಿದೇನು ಕಾಕಾ? ಜ್ಯಾಕ್ ಹಚ್ಚುವಾಗ ನೀನ ಸೀಳೀ!"

ಕಾಕಾ ನನ್ನನ್ನು ಒಂದು ಸಲ ನೋಡಿ, ಕೈ ಒರೆಸಿಕೊಂಡು ಒಳಗೆ ಹೋದರು. "ಇಂಜಿನ್ ಬಿಚ್ಚಿ ಇಡು, ಬಾಗಲಕೋಟಿಗೆ ಒಯ್ದು ಮಾಡಸ್ತೀನಿ," ಎಂದು ಕೂಗಿ ಬಸು ಹೊರಟ. ಆ ವಾರ ಸ್ಟ್ಯಾಂಡಿನ ಒಂದು ಗಾಡಿಯೂ ಕಾಕಾನ ಗ್ಯಾರೇಜಿಗೆ ಹೋಗಲಿಲ್ಲ.

ಎಂಟು ದಿನ ತಡೆದೆ. ಒಂಬತ್ತನೆಯ ದಿನ ಹತ್ತು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಗ್ಯಾರೇಜಿಗೆ ಹೋದೆ. (ತಪ್ಪು ಮಾಡಿದವರು ಬರಿಗೈಯಲ್ಲಿ ಬರುವುದಿಲ್ಲ, ಗಮನಿಸಿದ್ದೀರಾ?) ಅಂಗಳ ಖಾಲಿ. ಕಾಕಾ ಒಬ್ಬರೇ ಕುಳಿತಿದ್ದರು. ಬಸುವಿನ ಇಂಜಿನ್ ಗೋಣಿಚೀಲದ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಅರ್ಧ ಬಳೆಯಂಥ ಒಂದು ಬೇರಿಂಗ್ ಎತ್ತಿ ನನ್ನ ಅಂಗೈಯಲ್ಲಿಟ್ಟರು. ಕನ್ನಡಿಯಂತೆ ಇರಬೇಕಾದದ್ದು ಹಂಚಿನ ಮೇಲೆ ಮರೆತ ರೊಟ್ಟಿಯಂತೆ ಕರ್ರಗಾಗಿತ್ತು.

"ಗಂಗವ್ವಾ, ಕಾಳು ಹಾಕದ ಬೀಸುಕಲ್ಲು ತಿರುವಿದ್ರ ಏನಾಕ್ಕೈತಿ?"

"ಕಲ್ಲಿಗೆ ಕಲ್ಲು ತಿಕ್ಕತೈತಿ ಕಾಕಾ. ಎರಡೂ ಸವದು ಹೊಕ್ಕಾವು."

"ಹಾಂ. ಗಾಡಿ ರಾತ್ರಿ ನಿಂತಾಗ ಆಯಿಲ್ ಎಲ್ಲಾ ಕೆಳಗ ಚೇಂಬರಿಗೆ ಇಳದಿರತೈತಿ. ಮುಂಜಾನೆ ಪಂಪು ಅದನ್ನ ಮ್ಯಾಲ ಏರಸಬೇಕು. ಏರೂತನ ಕಬ್ಬಿಣಕ್ಕ ಕಬ್ಬಿಣ. ಆವಾಗ ನೀ ಭರ್ ಅಂತೀ. ನಿಮ್ಮ ಓಣಿ ಸಪ್ಪಳ ನನ್ನ ಮನಿತನಾ ಕೇಳತೈತಿ." ಕಾಕಾ ನಕ್ಕರು. "ಅದು ಪ್ರತಿ ಸಲ ಸ್ವಲ್ಪ ಸ್ವಲ್ಪ ಸವಿಯೂದು. ಇದು ಹಂಗಲ್ಲ. ಚೇಂಬರ್ ಸೀಳಿ ಆಯಿಲ್ ಕಡಿಮಿ ಆತು. ತಿರುವಿನಾಗ, ಏರಿನಾಗ ಇದ್ದಷ್ಟು ಒಂದ ಕಡೆ ಸರೀತು, ಪಂಪು ಬರೇ ಗಾಳಿ ಎಳೀತು. ಕೆಂಪು ಲೈಟ್ ಹತ್ತೂದು ಅದಕ್ಕ."

"ಹತ್ತಿದ್ರ ಏನ್ ಮಾಡಬೇಕು?"

"ಏನೂ ಮಾಡಬಾರ್ದು. ಅಲ್ಲೇ ನಿಂದ್ರಸಬೇಕು, ಬಂದ್ ಮಾಡಬೇಕು, ಫೋನ್ ಮಾಡಬೇಕು."

ಆಮೇಲೆ ಬೋಲ್ಟ್ ಬಿಚ್ಚುವ ಪಾನೆಗಳ ಡಬ್ಬಿಯ ಮುಚ್ಚಳ ತೆಗೆದರು. ಮುಚ್ಚಳದ ಒಳಬದಿಗೆ ನನ್ನ ಮರೂನ್ ಟಿಕಳಿ ಅಂಟಿಕೊಂಡಿತ್ತು.

"ಕೀಲಿ ತಿರುವಿದ್ರ ಗಾಡ್ಯಾಗಿನ ಲೈಟ್ ಎಲ್ಲಾ ಹತ್ತಬೇಕು. ಒಂದ ಹತ್ತಲಿಲ್ಲ. ಬಗ್ಗಿ ನೋಡಿದೆ."

"ಆವತ್ತ ಗೊತ್ತಿತ್ತು, ಮತ್ತ ಬಸೂಗ ಯಾಕ ಹೇಳಲಿಲ್ಲ ಕಾಕಾ?"

"ಗಾಡಿ ಬಿಚ್ಚೂದು ನನ್ನ ಕೆಲಸ ಗಂಗವ್ವಾ. ಮನಿ ಬಿಚ್ಚೂದಲ್ಲ."

"ತಪ್ಪಾತು ಕಾಕಾ," ಎಂದೆ, ಯಾರಿಗೂ ಕೇಳದಂತೆ, ಮೆಲ್ಲಗೆ.

"ನನ್ನ ಕಿವ್ಯಾಗ ಯಾಕ ಹೇಳ್ತಿ? ನನಗ ಗೊತ್ತಿದ್ದದ್ದ ಐತಿ."

ಅಂದು ಸಂಜೆ ಬಸುವಿಗೆ ಎಲ್ಲವನ್ನೂ ಹೇಳಿದೆ. ಚೀಲ, ಹಂಪ್, ಗಿಂಡಿ, ಟಿಕಳಿ, ಬೂದಿ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಚೇಂಬರ್ ಸೀಳಿದ್ದಕ್ಕ ನಾ ಏನೂ ಅನ್ನೂದಿಲ್ಲಕ್ಕಾ. ನನ್ನ ಕೈಯಾಗೂ ಸೀಳತಿತ್ತು. ಟಿಕಳಿ ಹಚ್ಚಿದಿ, ತಿಳೀಲಿಲ್ಲ ಅನ್ನೂಣು. ನೋಡೀನಿ ಅಂತ ಯಾಕಂದಿ? ನೀ ನೋಡೀನಿ ಅಂದ ಮ್ಯಾಲ ನಾ ಎಂದೆರ ಬಾನೆಟ್ ಎತ್ತೀನೇನು?"

ಅಂಗಳಕ್ಕೆ ಹೋಗಿ, ಕಲೆಯ ಮೇಲೆ ಉಳಿದಿದ್ದ ಬೂದಿಯನ್ನು ಗುಡಿಸಿ ತೆಗೆದೆ.

ಮರುದಿನ ಅವನು ಕಾಕಾನ ಕಾಲು ಹಿಡಿಯಲು ಹೋದ. ನಾನು ಹಿಂದೆ ನಿಂತಿದ್ದೆ. ಕಾಕಾ ಅವನ ತೋಳು ಹಿಡಿದು ಎಬ್ಬಿಸಿದರು. "ನೀ ಬಂದಿ, ಚಲೋ ಆತು ಮಗನ. ಇಂಜಿನ್ ಎಲ್ಲೂ ಒಯ್ಯಬ್ಯಾಡ, ನಾನ ಕುಂಡ್ರಸಿ ಕೊಡ್ತೀನಿ." ಆಮೇಲೆ ಖಾಲಿ ಅಂಗಳದ ಕಡೆ ನೋಡಿ, "ಸ್ಟ್ಯಾಂಡಿನವರೆಲ್ಲಾ ನೀ ಒದರಿದ್ದು ಕೇಳ್ಯಾರ. ಇದನ್ನ ಕೇಳಿಲ್ಲ," ಎಂದರು. ಸಿಟ್ಟಿನಿಂದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಈಗ ನಾನೂ ಇದ್ದದ್ದನ್ನು ಇದ್ದ ಹಾಗೆ ನೋಡಿ ಹೇಳುವುದನ್ನು ಕಲಿಯುತ್ತಿದ್ದೇನೆ. ಗಾಡಿ ರಿಪೇರಿಯಾಗಿ ಬಂದಿದೆ. ಸಮ ನೆಲದ ಮೇಲೆ ನಿಲ್ಲಿಸಿ, ಕಡ್ಡಿ ತೆಗೆದು ಒರೆಸಿ, ಮತ್ತೆ ಅದ್ದಿ ನೋಡುತ್ತೇನೆ. ನನ್ನ ಹಿಂದೆ ಬಸುವೂ ಬಂದು ನೋಡುತ್ತಾನೆ. (ನೋಡಲಿ. ಆ ಹಕ್ಕು ಅವನಿಗಿದೆ.) ಕೀಲಿ ತಿರುವಿ, ಎಕ್ಸಲರೇಟರಿನಿಂದ ಕಾಲು ಎತ್ತಿಟ್ಟು, ಕೆಂಪು ದೀಪ ಆರಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಊರು ದಾಟುವವರೆಗೆ ಮೆಲ್ಲಗೆ ಹೋಗುತ್ತೇನೆ. ಓಣಿಯ ಹೆಂಗಸರು ಈಗ ಬಾಗಿಲಿಗೆ ಬರುವುದಿಲ್ಲ. ಸಪ್ಪಳವೇ ಇಲ್ಲವಲ್ಲ.

ಉಳಿದದ್ದು ಸ್ಟ್ಯಾಂಡು. ಬಸು ಅಲ್ಲಿ ಒಬ್ಬೊಬ್ಬರಿಗೂ ನಡೆದದ್ದನ್ನು ಹೇಳುತ್ತಿದ್ದಾನೆ. ಅದರಲ್ಲಿ ಅಕ್ಕನ ಹೊಗಳಿಕೆ ಇಲ್ಲ ಎಂಬುದು ನನಗೆ ಗೊತ್ತು. ಆದರೂ ಅರ್ಧ ಮಂದಿ ನಂಬಿಲ್ಲ, ಕಾಕಾನ ಕಣ್ಣೇ ಮಂದ ಎಂದು ಇನ್ನೂ ಆಡಿಕೊಳ್ಳುತ್ತಾರಂತೆ. ಅದಕ್ಕೇ ಈ ವಾರ ಬೇರೆ ಏನೋ ಬರೆಯಲು ಕುಳಿತವಳು ಇದನ್ನು ಬರೆದೆ. ಚೇಂಬರ್ ಸೀಳಿದ್ದು ನಾನು. ದೀಪ ಮುಚ್ಚಿದ್ದು ನಾನು. ಎಲ್ಲರ ಎದುರು "ಇಲ್ಲಪಾ" ಎಂದದ್ದೂ ನಾನು. ಮಾಬುಸಾಬ ಕಾಕಾ ಬಿಗಿದ ಬೋಲ್ಟ್ ಕೊನೆಯ ತನಕ ಬಿಗಿಯಾಗೇ ಇತ್ತು.

ಸ್ಟ್ಯಾಂಡಿನ ಅಣ್ಣಂದಿರೇ, ನಿಮ್ಮ ಗಾಡಿಗಳ ಆಯಿಲ್ ಬದಲಿಸುವ ಹೊತ್ತು ಇನ್ನೂ ಆಗಿಲ್ಲವೇ?