ಸೈಪ್ರಸ್ ಸಮುದ್ರದಲ್ಲಿ ಕುತ್ತಿಗೆಯವರೆಗೆ

ನಾನು ಹುಟ್ಟಿದ್ದು ಕುಂದಾಪುರದ ಕಡೆ, ಸಮುದ್ರಕ್ಕೆ ಕೂಗಳತೆ ದೂರದಲ್ಲಿ. ಸಂಸಾರ ಅಬುಧಾಬಿಯಲ್ಲಿ, ಅಲ್ಲೂ ಸ್ವಲ್ಪ ನಡೆದರೆ ಸಮುದ್ರ. ಹೀಗಿದ್ದೂ ಐವತ್ತೊಂದು ವರ್ಷ ನನ್ನ ಮೊಣಕಾಲಿನ ಮೇಲೆ ಸಮುದ್ರದ ನೀರು ತಾಗಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಊರಿನಲ್ಲಿ ಹೆಣ್ಣುಮಕ್ಕಳು ಪಾದ ಒದ್ದೆ ಮಾಡಿಕೊಂಡು ವಾಪಸು ಬರಬೇಕಿತ್ತು. ಒಂದು ಹೆಜ್ಜೆ ಮುಂದೆ ಹೋದರೆ ಅಮ್ಮ ಕೋಲು ಹಿಡಿದು ದಡದಲ್ಲಿ ನಿಂತಿರುತ್ತಿದ್ದರು. ಅಬುಧಾಬಿಗೆ ಬಂದ ಮೇಲೆ ಕೋಲಿನ ಹೆದರಿಕೆ ತಪ್ಪಿತು, ಚಾಪೆ ಕಾಯುವ ಕೆಲಸ ಗಂಟುಬಿತ್ತು. ಗಂಡ, ಮಗಳು ನೀರಿಗಿಳಿಯುತ್ತಾರೆ. ಫೋನು, ಚಪ್ಪಲಿ, ತಿಂಡಿ ಡಬ್ಬಿಗಳ ನಡುವೆ ನಾನು ಕೂರುತ್ತೇನೆ. ಕೂರು ಎಂದು ಯಾರೂ ಹೇಳಿದ್ದಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಹಾಗಾಗಿ ಈದ್ ರಜೆಗೆ ಸೈಪ್ರಸ್ ದ್ವೀಪಕ್ಕೆ ಹೋಗುವುದೆಂದು ನಿಶ್ಚಯವಾದ ದಿನ, ಹಮ್ದಾನ್ ಸ್ಟ್ರೀಟಿನ ನಮ್ಮ ಫ್ಲ್ಯಾಟಿನಲ್ಲಿ ಸೌಟು ಹಿಡಿದುಕೊಂಡೇ ಘೋಷಿಸಿದೆ: "ಈ ಸಲ ನಾನು ಕುತ್ತಿಗೆವರೆಗೆ ನೀರಿಗೆ ಇಳಿಯುವವಳೇ. ಆಗದಿದ್ರೆ ಇನ್ನು ಬೀಚಿಗೆ ನನ್ನನ್ನು ಕರೆಯುವುದೇ ಬೇಡ. ಖಲಾಸ್!"

ದೂರದ ರುವೈಸ್‌ನಲ್ಲಿ ಕೆಲಸ ಮಾಡುತ್ತಾ ವಾರಕ್ಕೊಮ್ಮೆ ಮನೆಗೆ ಬರುವ ಗಂಡ ನಕ್ಕರು. "ಇಳಿ ಮಾರಾಯ್ತಿ. ನಾನು ಯಾವಾಗ ಬೇಡ ಅಂದದ್ದು?"

ಮಗಳು ಫೋನಿನಲ್ಲಿ ಬೀಚುಗಳ ಪಟ್ಟಿ ಮಾಡಿದ್ದಳು. ಪ್ರೊಟರಾಸ್ ಎಂಬ ಊರಿನಲ್ಲಿ ಕೋಣೆ ಹಿಡಿದು, ಬಾಡಿಗೆಗೆ ಕಾರು ತೆಗೆದುಕೊಂಡು, ಮೊದಲ ದಿನ ಫಿಗ್ ಟ್ರೀ ಬೇ, ಎರಡನೆಯ ದಿನ ಕೋನೋಸ್, ಮೂರನೆಯ ದಿನ ನಿಸ್ಸಿ ನೋಡಿದೆವು. ಎಲ್ಲ ಕಡೆಗೂ ಹೋದದ್ದು ಬೆಳಿಗ್ಗೆ ಐದೂವರೆಗೆ. ಗಲ್ಫಿನವರಿಗೆ ಬೇಸಿಗೆಯಲ್ಲಿ ಬೀಚಿನ ಹೊತ್ತು ಎಂದರೆ ಅದೇ. ಎಂಟು ಗಂಟೆ ದಾಟಿದ ಮೇಲೆ ಮರಳಿಗೆ ಕಾಲಿಡುವವರಿಗೆ ತಲೆ ಸರಿ ಇಲ್ಲವೆಂದೇ ನಾವು ತಿಳಿದವರು. ಅಲ್ಲಿಯ ಅಭ್ಯಾಸ ಇಲ್ಲಿಗೂ ಬಂತು, ನಮ್ಮ ಮೂವರಲ್ಲಿ ಒಬ್ಬರಿಗೂ ಯಾಕೆ ಎಂದು ಕೇಳಬೇಕೆನಿಸಲಿಲ್ಲ. ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಅವಲಕ್ಕಿ, ಯಲ್ಲಾ, ನಡೆಯಿರಿ ಎಂದು ಹೊರಡುವುದು.

ಚಂದ ಎಂದರೆ ಎಂಥ ಚಂದ! ಕೋನೋಸ್‌ನಲ್ಲಿ ಪೈನ್ ಮರಗಳು ಗುಡ್ಡದಿಂದ ಇಳಿದು ನೀರಿನ ಹತ್ತಿರದವರೆಗೂ ಬಂದಿವೆ. ನಿಸ್ಸಿಯಲ್ಲಿ ದಡದ ಎದುರಿಗೇ ಒಂದು ಪುಟ್ಟ ನಡುಗಡ್ಡೆ, ಬೇಕಾದರೆ ನೀರಿನಲ್ಲೇ ನಡೆದು ಹೋಗಬಹುದು. ಆದರೆ ಆ ಹೊತ್ತಿನಲ್ಲಿ ನೀರೋ, ಫ್ರಿಜ್ಜಿನಿಂದ ತೆಗೆದ ಹಾಗೆ. ಗಂಡ ಹೆಬ್ಬೆರಳು ಅದ್ದಿ "ಅಯ್ಯಯ್ಯೋ" ಎಂದು ಹಿಂದೆ ಹಾರಿದರು. ನಾನು ಮೂರು ದಿನವೂ ಪಾದ ಒದ್ದೆ ಮಾಡಿಕೊಂಡು ಬಂದೆ. ಎಂಟೂವರೆಗೆ ಗಂಟುಮೂಟೆ ಕಟ್ಟುವಾಗ ಜನ ಕೊಡೆ ಹಿಡಿದುಕೊಂಡು ಎದುರಿಗೆ ಬರುತ್ತಿದ್ದರು. ಪಾಪ, ಬಿಸಿಲಿಗೆ ಸಾಯಲು ಹೊರಟಿದ್ದಾರೆ ಎಂದು ಮರುಗಿ, ನಾವು ಕೋಣೆಗೆ ಬಂದು, ಪರದೆ ಎಳೆದು, ಎಸಿ ಹಾಕಿ, ನಾಲ್ಕು ಗಂಟೆವರೆಗೆ ಮಲಗುತ್ತಿದ್ದೆವು.

ಮೂರನೆಯ ಮಧ್ಯಾಹ್ನ ಕೋಣೆಯ ಯಜಮಾನಿ ಕಲ್ಲಂಗಡಿ ಹಣ್ಣಿನ ತಟ್ಟೆ ಹಿಡಿದು ಬಾಗಿಲು ತಟ್ಟಿದಳು. ಮೂವರಿಗೂ ಹುಷಾರಿಲ್ಲವೇ ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದಳು. ನಮ್ಮ ದಿನಚರಿ ಹೇಳಿದ್ದೇ ತಡ, ಗೋಡೆ ಹಿಡಿದುಕೊಂಡು ನಕ್ಕಳು. ಹನ್ನೊಂದಕ್ಕೆ ಹೋಗಬೇಕು, ಬಿಸಿಲು ಬಿದ್ದು ನೀರು ಹದವಾಗಿರುತ್ತದೆ ಎಂದಳು. ಹೊರಗೆ ಬಂದು ನಿಂತರೆ ಹೌದು, ಅಬುಧಾಬಿಯ ಫೆಬ್ರವರಿ ಬಿಸಿಲು! "ಓ ಮೈ ಗಾಡ್, ವಿ ಆರ್ ಸೋ ಸ್ಟುಪಿಡ್," ಎಂದು ಮಗಳು ತಲೆಗೆ ಕೈ ಹೊತ್ತಳು. ಉಳಿದದ್ದು ಒಂದೇ ದಿನ.

ಆ ಕೊನೆಯ ದಿನ ಹನ್ನೊಂದಕ್ಕೆ ಮತ್ತೆ ಫಿಗ್ ಟ್ರೀ ಬೇ ಬೀಚಿಗೆ ಹೋದೆವು. ನೀರು ಬೆಚ್ಚಗಿತ್ತು, ಆದರೆ ದಡದ ತುಂಬ ಜನ. ಎಲ್ಲರ ಮೈಮೇಲೂ ಅಂಗೈಯಗಲ ಬಟ್ಟೆ. ನಾನೊಬ್ಬಳೇ ಕಪ್ಪು ಲೆಗ್ಗಿಂಗು, ಗಂಡನ ಹಳೇ ಟಿ-ಶರ್ಟು. ಸೌಟು ಹಿಡಿದು ಘೋಷಿಸಿದವಳ ಧೈರ್ಯವೆಲ್ಲ ಜರ್ರೆಂದು ಇಳಿಯಿತು. ಸುಮ್ಮನೆ ಚಾಪೆ ಹಾಸಿ ಕೂತೆ.

"ಅಮ್ಮಾ, ಕಮ್ ನಾ!" ಮಗಳು ನೀರಿನಿಂದ ಕೂಗಿದಳು.

"ಬರ್ತೇನೆ, ನೀನು ಆಡು," ಎಂದೆ. ಅರ್ಧ ಗಂಟೆ ಕಳೆಯಿತು. ನಾಳೆ ಬೆಳಿಗ್ಗೆ ವಿಮಾನ. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ ಕಣ್ಣು ಮಂಜಾಯಿತು.

ಕಣ್ಣು ಒರೆಸಿಕೊಂಡು ನೋಡಿದಾಗಲೇ ಅವರು ಕಂಡದ್ದು. ಐದಾರು ಮಂದಿ ಆ ಊರಿನ ಹೆಂಗಸರು, ನನಗಿಂತ ವಯಸ್ಸಾದವರು, ನನಗಿಂತ ದಪ್ಪದವರು, ತಲೆಗೆ ಹುಲ್ಲಿನ ಟೋಪಿ ಹಾಕಿಕೊಂಡು ಕುತ್ತಿಗೆಮಟ್ಟದ ನೀರಿನಲ್ಲಿ ದುಂಡಗೆ ನಿಂತಿದ್ದರು. ಈಜುತ್ತಿರಲಿಲ್ಲ. ಮದುವೆಮನೆಯಲ್ಲಿ ತೆಂಗಿನಕಾಯಿ ತುರಿಯಲು ಕೂತವರ ಹಾಗೆ ಬರೀ ಮಾತು, ನಡುನಡುವೆ ನಗು. ಒಬ್ಬಾಕೆ ನನ್ನತ್ತ ಕೈ ಬೀಸಿದಳು. ಹಿಂದೆ ತಿರುಗಿ ನೋಡಿದೆ, ಯಾರೂ ಇಲ್ಲ. ಆಕೆ ಮತ್ತೆ, ಈ ಸಲ ಗದರುವ ಮುಖ ಮಾಡಿ, ಬಾ ಎಂದಳು.

ಎದ್ದೆ. ಎಲ್ಲ ಸಾಮಾನು ಇದ್ದಲ್ಲೇ ಬಿಟ್ಟು ನಡೆದೆ. ಮೊಣಕಾಲು, ಸೊಂಟ, ಎದೆ. ಉಸಿರು ಒಂದು ಸಲ ಸಿಕ್ಕಿಕೊಂಡಿತು, ಆಮೇಲೆ ಕುತ್ತಿಗೆ. ಹೆಂಗಸರು ಸರಿದು ಜಾಗ ಮಾಡಿಕೊಟ್ಟರು. ಮಕ್ಕಳೆಷ್ಟು, ಏನು ಕೆಲಸ, ಮನೆಯಲ್ಲಿ ಯಾವ ಅಡುಗೆ ಎಂದು ಕೈಸನ್ನೆಯಲ್ಲಿ ಕೇಳಿದರು. ಆಸ್ಪತ್ರೆಯ ರಿಸೆಪ್ಶನ್ನಿನಲ್ಲಿ ನಿಂತು ನಿಂತು ನೋಯುವ ನನ್ನ ಕಾಲುಗಳು ಇವೆಯೋ ಇಲ್ಲವೋ ಎಂಬಷ್ಟು ಹಗುರವಾಗಿದ್ದವು. ನನಗೆ ಅಷ್ಟು ಖುಷಿಯಾದದ್ದು ಮಗಳು ಹುಟ್ಟಿದ ದಿನ, ಆಮೇಲೆ ಅವತ್ತೇ.

ಗಂಡ, ಮಗಳು ಆಡಿ ಸುಸ್ತಾಗಿ ಯಾವಾಗಲೋ ದಡ ಸೇರಿದ್ದರು. "ಒಂದೂವರೆ ಗಂಟೆ ಆಯ್ತು ಮಾರಾಯ್ತಿ!" ಗಂಡ ಅಲ್ಲಿಂದಲೇ ಕೂಗಿದರು. "ಹಸಿವಾಗ್ತದೆ. ಬಾ, ಎಂತಾದ್ರೂ ಕೊಡು."

ಏನಂತೆ ಎಂದು ಹೆಂಗಸರು ಕೇಳಿದರು. ಹೊಟ್ಟೆ ಮುಟ್ಟಿ ತೋರಿಸಿದೆ. ಆರೂ ಟೋಪಿಗಳು ಒಟ್ಟಿಗೇ ದಡದತ್ತ ತಿರುಗಿದವು, ಆರೂ ಕೈಗಳು ಮೇಲೆದ್ದು ಗಂಡನಿಗೆ ಹೋಗು ಹೋಗು ಎಂದವು.

"ಕಾರಿನಲ್ಲಿ ಬ್ರೆಡ್ ಉಂಟು, ನೀವೇ ತೆಗೆದು ತಿನ್ನಿ," ಎಂದು ನಾನೂ ಕೂಗಿದೆ. "ನಾನೀಗ ಬರುವುದಿಲ್ಲ."