ಲಕ್ಷ್ಮಿಯ ಹಿಂಬದಿ

ಎಲ್ಲ ಶುಕ್ರವಾರಗಳಂತೆ ಅಂದೂ ಹೊಸಪೇಟೆಯ ಮನೆಯಲ್ಲಿ ಅಂಗಳಕ್ಕೆ ನೀರು ಹಾಕಿ, ಹಾಲು ಕಾಯಿಸಿ, ದೇವರ ಸಾಮಾನನ್ನು ಹುಣಸೆಹಣ್ಣಿನಿಂದ ತಿಕ್ಕಲು ಕುಳಿತೆ. ತೀರಿಹೋದ ಅತ್ತೆಯವರು ಲಕ್ಷ್ಮಿಯೆಂದು ಪೂಜಿಸುತ್ತಿದ್ದ ಬೆಳ್ಳಿಯ ಬಿಲ್ಲೆಯೊಂದು ಅದರಲ್ಲಿತ್ತು. ಪೀಠದ ಮೇಲೆ ಕುಳಿತ ಹೆಂಗಸು, ಕೈಯಲ್ಲೊಂದು ರೆಂಬೆ. ಕುಂಕುಮ ಹಚ್ಚುತ್ತಿದ್ದುದು ಆ ಬದಿಗೆ ಮಾತ್ರ. ಇನ್ನೊಂದು ಬದಿ ಯಾವಾಗಲೂ ತಟ್ಟೆಗೆ ಅಂಟಿಕೊಂಡಿರುತ್ತಿತ್ತು.

ಅಂದು ಆ ಬದಿಯ ಜಿಡ್ಡು ಬಿಟ್ಟಿತು. ತಲೆಗೆ ಎಲೆಗಳ ಮಾಲೆ ಸುತ್ತಿಕೊಂಡ ಗಂಡಸಿನ ಮುಖ, ಸುತ್ತಲೂ ಇಂಗ್ಲಿಷಿನಂಥ ಅಕ್ಷರಗಳು. ‘ಯು’ ಇರಬೇಕಾದ ಕಡೆಯೆಲ್ಲ ‘ವಿ’ ಇತ್ತು. ಬಳ್ಳಾರಿಯ ನಮ್ಮ ಕಾನ್ವೆಂಟಿನ ಪ್ರಾರ್ಥನಾಮಂದಿರದ ಬಾಗಿಲ ಮೇಲೂ ಲ್ಯಾಟಿನ್ನನ್ನು ಹಾಗೆಯೇ ಕೆತ್ತಿದ್ದರು. ಬೆರಳಿಟ್ಟು ಓದಿದೆ: ಸೀಸರ್. ರೋಮಿನ ಚಕ್ರವರ್ತಿ ಇಷ್ಟು ವರ್ಷ ನಮ್ಮ ದೇವರಮನೆಯಲ್ಲಿ ಬೋರಲಾಗಿ ಮಲಗಿದ್ದ.

ಇದನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಸಂಡೂರಿನ ಗಣಿಯಲ್ಲಿದ್ದ ಯಜಮಾನರು ಅಂದು ಸಂಜೆ ಬರುತ್ತೇನೆಂದಿದ್ದರು. ಬಿಲ್ಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕಿಟಕಿಯ ಹತ್ತಿರ ಕಾದೆ. ರೈಲಿನಿಂದ ಇಳಿದವರು ಬೀದಿ ದಾಟಿ ಹೋದರು. ಅವರಲ್ಲಿ ಇವರಿರಲಿಲ್ಲ.

ಕೊನೆಗೆ, ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯವರಿಗೆ ತೋರಿಸಿದೆ. “ಇದು ಲಕ್ಷ್ಮಿ ಅಲ್ಲರೀ, ರೋಮ್ ದೇಶದ ನಾಣ್ಯ. ಹಿಂದ ನೋಡ್ರಿ, ಅವರ ರಾಜ.”

ಅವರು ತಿರುಗಿಸಿ ತಿರುಗಿಸಿ ನೋಡಿ ನನ್ನ ಅಂಗೈಗೆ ಹಾಕಿದರು.

“ಅಕಿ ಗಂಡ ಇರಬೇಕು ತಗೋರಿ,” ಎನ್ನುತ್ತ ಎದ್ದರು. “ಭಾಳ ವರ್ಷದ ಸಂಸಾರ. ಒಬ್ಬರ ಮುಖ ಒಬ್ಬರು ನೋಡಂಗಿಲ್ಲ.”